ಕ್ಯಾಮೆರಾ ವಿಮಾನವೂ ನಮ್ಮ ಬದುವೂ

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಾನು ನೌಕಾದಳದಲ್ಲಿ ಮೆಕ್ಯಾನಿಕ್. ನಮ್ಮ ವಿಮಾನ ಮೊದಲು ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದ ಎರಡು ಸೀಟಿನ ಜೆಟ್. ಕಲಿಯುವವನ ಸೀಟು ಕಿತ್ತು, ಅಲ್ಲಿ ಕ್ಯಾಮೆರಾ ಕೂರಿಸಿ, ಕಡಲಲ್ಲಿ ಓಡಾಡುವ ಹಡಗುಗಳ ಮೇಲೆ ಕಣ್ಣಿಡಲು ಬಿಟ್ಟಿದ್ದರು. ಅದಕ್ಕೆ ಫಿಲ್ಮ್ ತುಂಬುವುದು, ಇಳಿಸುವುದು ನನ್ನ ಕೆಲಸ. ಒಂದು ದಿನವೂ ನಾನು ಅದರಲ್ಲಿ ಹಾರಿದವನಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ರಜೆಗೆ ಬಂದು ಕಡೂರು ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ನಾನೂ ಹಿಡಿದೆ. ಹಿರೇನಲ್ಲೂರಿನ ಪಕ್ಕದ ನಮ್ಮೂರಲ್ಲಿ, ಜಗಲಿಯ ಮೇಲೆ ಕೂತು, "ಅಷ್ಟೆತ್ತರದಿಂದ ದೋಣಿಯವನ ಲುಂಗಿ ಗೆರೆ ಎಣಿಸಬೋದು ಕಣ್ರೋ" ಎಂದು ಕೊಚ್ಚಿಕೊಂಡೆ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಮಾರನೇ ದಿನ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದ. ಪಕ್ಕದ ತೋಟದವನು ವರ್ಷ ವರ್ಷವೂ ಬದು ಕಡಿದು ಕಡಿದು, ಅಪ್ಪ ನೆಟ್ಟ ಐದು ತೆಂಗಿನ ಮರ ಈಗ ತನ್ನವೇ ಎನ್ನುತ್ತಿದ್ದ.

"ಕೆಳಗಿಂದ ನೋಡಿದ್ರೆ ಗೊತ್ತಾಗಲ್ಲ ಕಣೋ. ಮೇಲಿಂದ ಒಂದು ಫೋಟೋ ಹೊಡ್ಸು. ಬದು ಎಲ್ಲಿ ಸೊಟ್ಟಗಾಗೈತೆ ಅಂತ ಎಂಥೋನಿಗೂ ಕಾಣುತ್ತೆ. ನಿಮ್ ಸಾಹೇಬ್ರನ್ನ ಕೇಳು."

ಆಗಲ್ಲಪ್ಪಾ ಎನ್ನಬೇಕಿತ್ತು. "ಕೇಳ್ತೀನಿ" ಎಂದೆ.

ಊರ ಪಂಚರು ಕಡೂರಿನಿಂದ ಸರ್ವೆಯರ್ ಕರೆಸೋಣ ಎಂದರೆ ಅಪ್ಪ ಒಪ್ಪಲಿಲ್ಲ. "ಸರ್ವೆಯರ್ ಯಾಕ್ರೀ? ನನ್ ಮಗ ವಿಮಾನದ ಫೋಟೋ ತತ್ತಾನೆ" ಎಂದು ನನ್ನ ಮುಂದಿನ ರಜೆಯವರೆಗೆ, ಹೆಚ್ಚುಕಮ್ಮಿ ಒಂದು ವರ್ಷ, ಎಲ್ಲರನ್ನೂ ಕಾಯಿಸಿದ.

ನಾನು ಸಾಹೇಬರನ್ನು ಕೇಳಲೇ ಇಲ್ಲ. ಕೇಳಿದ್ದರೂ ಆಗುತ್ತಿರಲಿಲ್ಲ ಎಂಬುದು ನಿಜ. ಆ ಕ್ಯಾಮೆರಾ ಕಂಡದ್ದು ಬರೀ ನೀರು, ತೆಗೆದ ಫಿಲ್ಮೂ ನಮ್ಮ ಕೈಯಲ್ಲಿ ಉಳಿಯುತ್ತಿರಲಿಲ್ಲ. ಆದರೆ ನನ್ನ ಬಾಯಿ ಕಟ್ಟಿದ್ದು ನಾಚಿಕೆ. ಐದು ತೆಂಗಿನ ಮರಕ್ಕೆ ಇವರಪ್ಪನಿಗೆ ಜೆಟ್ ಬೇಕಂತೆ ಎಂದು ಮೆಸ್ಸಿನಲ್ಲಿ ಎಲ್ಲರೂ ನಗುತ್ತಾರಲ್ಲ ಎಂಬ ನಾಚಿಕೆ. ಹೆತ್ತ ಅಪ್ಪನ ಬಗ್ಗೆ ನಾಚಿಕೆ, ಥೂ ನನ್ನ ಜನ್ಮಕ್ಕೆ.

ಮುಂದಿನ ರಜೆಯಲ್ಲಿ ಪಂಚರ ಎದುರಿಗೇ ಅಪ್ಪ ಕೇಳಿದ, "ಕೇಳ್ದೇನೋ?"

"ಕೇಳ್ದೆ. ಸಾಹೇಬ್ರು ಆಗಲ್ಲ ಅಂದ್ರು."

ವರ್ಷವಿಡೀ ಕಾದು ಸಿಟ್ಟಾಗಿದ್ದ ಪಂಚರು, ಈಗಿರೋ ಬದುವೇ ಬದು ಎಂದು ಎದ್ದರು. ಮರ ಹೋದವು. ಪಕ್ಕದ ತೋಟದವನು, "ಇವ್ನು ಅಲ್ಲಿ ವಿಮಾನ ಒರೆಸೋನಿರ್ಬೇಕು ಬಿಡ್ರಿ" ಎಂದು ಹಲ್ಲು ಕಿರಿದ.

"ಬಾಯ್ಮುಚ್ಚಲೇ!" ಅಪ್ಪ ಟವೆಲ್ ಕೊಡವಿಕೊಂಡು ಎದ್ದ. "ನನ್ ಮಗ ಕೇಳವ್ನೆ. ಕೊಡದೇ ಇದ್ದೋನು ಆ ಸಾಹೇಬ."

ಪಕ್ಕದವನು ಆ ಮರಗಳಿಂದ ಕಾಯಿ ಇಳಿಸಿದಾಗಲೆಲ್ಲ, ಸಾಯುವವರೆಗೂ, ಅಪ್ಪ ತಾನು ಕಂಡು ಕೇಳರಿಯದ ಆ ಸಾಹೇಬರಿಗೆ ಹಿಡಿಶಾಪ ಹಾಕುತ್ತಿದ್ದ. ರಜೆಯಲ್ಲಿದ್ದರೆ ನಾನು ಪಕ್ಕದಲ್ಲೇ ಕೂತು ಹೂಂಗುಡುತ್ತಿದ್ದೆ.