ನನಗೂ ಒಂದು ಬಾಣಂತನ

ನನ್ನ ಮೈಮೇಲೆ ದೆವ್ವ ಬಂದಿತ್ತೆಂದು ಇವತ್ತಿಗೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ಊರ ಬಾಯಿಗೆ ಬೀಗ ಹಾಕುವ ವಿದ್ಯೆ ನಮ್ಮ ಯಜಮಾನರಿಗೂ ಬರುವುದಿಲ್ಲ, ಅವರು ಬಂಡಿಯ ಚಕ್ರ ಮಾಡುವ ಬಡಗಿ. ನಾನು ಸೂಲಗಿತ್ತಿ. ಹಿರೋಡೆಯ ಸುತ್ತಿನ ಊರುಗಳಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರನ್ನು ಮೊದಲು ತಲೆಕೆಳಗಾಗಿ ಹಿಡಿದು, ಬೆನ್ನಿಗೆ ತಟ್ಟಿ ಅಳಿಸಿದವಳು ನಾನು. ಅವರ ಗತ್ತು ನೋಡಿದರೆ ನನಗೆ ನಗು ಬರುತ್ತದೆ.

ಸೂಲಗಿತ್ತಿಗೆ ಕೈಗುಣ ಇರಬೇಕು ಎನ್ನುತ್ತಾರೆ ನಮ್ಮ ಕಡೆ. ಅದಿದ್ದರೆ ಅಡ್ಡ ಬಿದ್ದ ಕೂಸೂ ನೆಟ್ಟಗೆ ಬರುತ್ತದಂತೆ. ಆದರೆ ಆ ಗುಣ ಬಹಳ ನಾಜೂಕಿನದು. ಸೂಲಗಿತ್ತಿ ಬಾಯಿಬಿಟ್ಟು "ನನಗೇ ಸರಿಯಿಲ್ಲ" ಎಂದರೆ ಸಾಕು, ಕೈಬಿಟ್ಟು ಹೋಗುತ್ತದೆ. ಹಾಗಾಗಿ ನಾವು ಯಾರೂ ಅದನ್ನು ಹೇಳುತ್ತಿರಲಿಲ್ಲ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಕರೆ ಬಂದರೆ ಎದ್ದು ಹೋಗುತ್ತಿದ್ದೆವು.

ಪರಂಗಿಯವರ ದಂಡು ಪಟ್ಟಣದ ಮೇಲೆ ಬಂದ ವರ್ಷ, ಊರು ಖಾಲಿ ಮಾಡಿ ಹೊರಡಿ ಎಂದು ತಮಟೆ ಸಾರಿದರು. ಪಟ್ಟಣ ಎಂದರೆ ನಮಗೆ ಶ್ರೀರಂಗಪಟ್ಟಣ ಒಂದೇ. ಮಡಕೆ, ಕುಡಿಕೆ, ಕೋಳಿ, ಕುರಿ ಎಲ್ಲ ಹೇರಿಕೊಂಡು ಬಂಡಿಗಳು ಕೋಟೆಯ ಕಡೆಗೆ ಸಾಲುಗಟ್ಟಿದವು. ಆ ಸಾಲಿನಲ್ಲಿ ನಮ್ಮೂರ ಗೌಡರ ಮನೆಯೊಂದರ ಸೊಸೆಗೆ ಚೊಚ್ಚಲ ನೋವು ಶುರುವಾಯಿತು. ಕೂಸಿನ ಕಾಲು ಮುಂದಾಗಿತ್ತು. "ಬಂಡಿ ನಿಲ್ಲುಸ್ರಪ್ಪಾ" ಎಂದು ಕೂಗಿದೆ. ಒಂದು ನಿಂತರೆ ಹಿಂದಿನವೆಲ್ಲ ನಿಲ್ಲಬೇಕಲ್ಲ! ಹಿಂದಿನವರು ಬೈದರು, ಮುಂದಿನವರು ಕೇಳಿಸಿಕೊಳ್ಳಲಿಲ್ಲ, ಅವಳ ಗಂಡನ ಮನೆಯವರು ಎತ್ತಿನ ಬಾಲ ತಿರುವಿದರು. ಕುಲುಕುವ ಬಂಡಿಯಲ್ಲಿ ಕೈಗೆ ಸಿಕ್ಕಿದ್ದು ಜಾರುತ್ತಿತ್ತು. ಕೂಸು ಉಸಿರಾಡಲಿಲ್ಲ. ತಾಯಿ ಸ್ವಲ್ಪ ಹೊತ್ತು ನನ್ನ ಸೆರಗು ಹಿಡಿದುಕೊಂಡಿದ್ದಳು, ಆಮೇಲೆ ಬಿಟ್ಟಳು. ತಪ್ಪು ನನ್ನದಲ್ಲ. ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ನಿಂತ ಬಂಡಿಯಲ್ಲಿ ಅವಳು ಬದುಕುತ್ತಿದ್ದಳು.

ಗಲಾಟೆ ಅಡಗಿದ ಮೇಲೆ ಊರಿಗೆ ಮರಳಿದೆವು. ಎಲ್ಲರೂ ಸೂರು ಸರಿಮಾಡಿಕೊಂಡು ರಾಗಿ ಬಿತ್ತಿದರು. ನನಗೆ ಮಾತ್ರ ನಿದ್ದೆ ಮರಳಲಿಲ್ಲ. ಯಜಮಾನರು ಹೊಸ ಚಕ್ರವನ್ನು ಉರುಳಿಸಿ ನೋಡಿದರೆ ಸಾಕು, ನನ್ನ ಅಂಗೈ ತಣ್ಣಗಾಗಿ ಉಸಿರು ಕಟ್ಟುತ್ತಿತ್ತು. ಅವರು ಏನೂ ಕೇಳದೆ ಚಕ್ರಗಳನ್ನು ಊರಾಚೆಗೆ ಒಯ್ದು ಉರುಳಿಸತೊಡಗಿದರು. ಕೊನೆಗೆ ಒಂದು ಹೆರಿಗೆಯಲ್ಲಿ, ಕೂಸು ಕೈಗೆ ಬಂದ ಮೇಲೂ ಹೊಕ್ಕುಳಬಳ್ಳಿ ಕೊಯ್ಯದೆ ಮರದ ಬೊಂಬೆಯ ಹಾಗೆ ಕೂತುಬಿಟ್ಟೆ. ಆ ಮನೆಯ ಮುದುಕಿ ಕೂಸನ್ನು ಕಿತ್ತುಕೊಂಡಳು. ಸುದ್ದಿ ಹಬ್ಬಿತು: ಸೂಲಗಿತ್ತಿಯ ಕೈಗುಣ ಹೋಯಿತು, ಬಂಡಿಯಲ್ಲಿ ಸತ್ತವಳು ಅವಳನ್ನು ಹಿಡಿದುಕೊಂಡಿದ್ದಾಳೆ.

ಆ ಹೊತ್ತಿಗೆ ನನ್ನ ಮಗಳು ಬಸುರಿ. ಬೂಕನಕೆರೆಯ ಕಮ್ಮಾರರ ಮನೆಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ಪದ್ಧತಿ, ಅದರಲ್ಲೂ ಸೂಲಗಿತ್ತಿಯ ಮಗಳು ಬೇರೆ ಎಲ್ಲಿಗೆ ಹೋಗಬೇಕು? ಆದರೆ ಬೀಗಿತ್ತಿ ತಾನೇ ಬಂದು ಅಂಗಳದಲ್ಲೇ ನಿಂತು ಹೇಳಿದಳು:

"ಬಾಣಂತಿ ದೆವ್ವ ಇಟ್ಕೊಂಡಿರೋ ಮನೆಗೆ ಬಸುರಿ ಎಣ್ಣ ಕಳ್ಸಕಿಲ್ಲ. ಮೊದ್ಲು ಬುಡುಸ್ಕಳಿ, ಆಮೇಲ್ ನೋಡಾನ. ಅತ್ತಿಕುಪ್ಪೆ ಸೂಲಗಿತ್ತಿಗೆ ಏಳಿವ್ನಿ."

ಅತ್ತಿಕುಪ್ಪೆಯವಳು! ಸಂತೆಯಲ್ಲಿ ಎದುರಾದರೆ ನಾವಿಬ್ಬರೂ ಮುಖ ತಿರುಗಿಸಿಕೊಂಡು ಹೋಗುವವರು.

ನಾಗಮಂಗಲದ ಕಡೆಯಿಂದ ದೆವ್ವ ಬಿಡಿಸುವವನನ್ನು ಕರೆಸಿದರು. ಹಾಡಹಗಲೇ, ಮನೆ ಮುಂದೆ, ಊರೆಲ್ಲ ಸೇರಿತು. ಬೀಗಿತ್ತಿಯೂ ಬಂದಳು. ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಅವನು ಬೇವಿನ ಸೊಪ್ಪಿನಲ್ಲಿ ಬಡಿಯುತ್ತಾ ಯಾರೆಂದು ಕೇಳುತ್ತಾನೆ, ದೆವ್ವ ಹೆಸರು ಹೇಳಬೇಕು. ಏನು ಬೇಕೆಂದು ಕೇಳುತ್ತಾನೆ, ದೆವ್ವ ಸೀರೆಯನ್ನೋ ಕೋಳಿಯನ್ನೋ ಕೇಳುತ್ತದೆ, ಮನೆಯವರು ಕೊಡಲೇಬೇಕು. ಆಮೇಲೆ ದೆವ್ವ ಅಲ್ಲೇ ಇರಲೆಂದು ಮರಕ್ಕೆ ಮೊಳೆ ಹೊಡೆದು ಎಲ್ಲರೂ ಊಟಕ್ಕೆ ಹೋಗುತ್ತಾರೆ. ನಾದಿನಿ ನನ್ನ ಕಿವಿಯಲ್ಲಿ ಉಸುರಿದಳು:

"ಅವಳ ಎಸ್ರು ಏಳ್ಬುಡು ಅತ್ಗೆ. ಮುಗ್ದೋಯ್ತದೆ. ಮಗಳು ಮನೆಗ್ ಬತ್ತಳೆ."

ಹೇಳಿಬಿಡುತ್ತಿದ್ದೆನೇನೋ. ಮಗಳ ಆಸೆ ಅಷ್ಟಿತ್ತು. ಆದರೆ ಗುಂಪಿನ ಹಿಂದೆ ಸತ್ತವಳ ತಾಯಿ ನಿಂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಮಗಳನ್ನು ಕಳೆದುಕೊಂಡವಳು ಇನ್ನು ಮೇಲೆ ದೆವ್ವದ ತಾಯಿ ಅನ್ನಿಸಿಕೊಳ್ಳಬೇಕೇ? ಬಾವಿಗೆ ಬಿದ್ದವರ ಮೇಲೆ ಆಳಿಗೊಂದು ಕಲ್ಲು ಹಾಕುವ ಜನರ ಜೊತೆ ನಾನೂ ಒಂದು ಕಲ್ಲು ಎತ್ತಬೇಕೇ?

"ಯಾರೇ ನೀನು?" ಎಂದ ಅವನು, ಸೊಪ್ಪು ಬೀಸಿ.

"ನಾನೇ."

"ನಾನೇ ಅಂದ್ರೆ ಯಾರೇ?"

"ನಾನೇ ಕಣಪ್ಪ, ಈ ಮನೆ ಸೂಲಗಿತ್ತಿ. ನನ್ ಮ್ಯಾಲೆ ಯಾರೂ ಬಂದಿಲ್ಲ."

"ಬಲೇ ಕಿಲಾಡಿ ದೆವ್ವ, ಎಸ್ರು ಬಚ್ಚಿಡ್ತದೆ" ಎಂದು ಅವನು ಇನ್ನೂ ಜೋರಾಗಿ ಬಡಿದ. ಯಾರೋ ಸತ್ತವಳ ಹೆಸರನ್ನು ಕೂಗಿದರು, "ಅವಳೇ ಕಣೇಳು" ಎಂದರು. ನನಗೆ ತಡೆಯಲಾಗಲಿಲ್ಲ. ಅವನ ಕೈಯ ಸೊಪ್ಪನ್ನು ಕಿತ್ತುಕೊಂಡು ಎದ್ದು ನಿಂತೆ.

"ಆ ಎಣ್ಣು ಯಾರ್ ಮ್ಯಾಲೂ ಬರೋಳಲ್ಲ. ಬರೋಳಾಗಿದ್ರೆ, ಬಂಡಿ ನಿಲ್ಲುಸ್ದೆ ಓದ್ರಲ್ಲ, ನಿಮ್ ಮ್ಯಾಲ್ ಬತ್ತಿದ್ಲು. ಒಬ್ಬೊಬ್ರು ಮ್ಯಾಲೂ."

ಪಾಪ, ದೆವ್ವ ಬಿಡಿಸುವವನಿಗೆ ಮುಂದೇನು ಮಾಡಬೇಕೆಂದು ತೋಚದೆ, ರೂಢಿಯ ಮೇಲೆ ಎರಡನೆಯ ಪ್ರಶ್ನೆ ಕೇಳಿಬಿಟ್ಟ.

"ಏನ್ ಬೇಕೇ ನಿಂಗೆ?"

ನಾನು ಯೋಚಿಸಿಟ್ಟುಕೊಂಡ ಮಾತಲ್ಲ ಅದು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ಕೇಳಿದ್ದಕ್ಕೆ ತಾನಾಗಿಯೇ ಬಂತು.

"ಬಾಣಂತನ ಬೇಕು. ಊರಿಗೆಲ್ಲ ನೀರೆರ್ದಿವ್ನಿ, ನನ್ ತಲೆ ಮ್ಯಾಲೆ ಯಾರೂ ಒಂದ್ ಚೆಂಬು ಉಯ್ದಿಲ್ಲ. ನಂಗೆ ಎಣ್ಣೆ ನೀರು ಎರೀಬೇಕು, ಸಾಂಬ್ರಾಣಿ ಒಗೆ ಆಕ್ಬೇಕು, ಮೆಣಸಿನ ಸಾರು ಇಕ್ಬೇಕು, ಬೆಚ್ಚಗೆ ಮಲಗುಸ್ಬೇಕು. ಯಾರ್ ಬಂದ್ ಕರುದ್ರೂ ಎಬ್ಬುಸ್ಬಾರ್ದು. ನನ್ ಮನಸು ಕೆಟ್ಟೋಗದೆ. ಅದು ನೆಟ್ಗಾಗೋಗಂಟ ಬೇಕು."

ಅವನು ಗುಂಪಿನ ಮುಖ ನೋಡಿದ, ನನ್ನ ಮುಖ ನೋಡಿದ, ಕುಂಕುಮ ಎರಚಿ "ಬುಟ್ಟೋಯ್ತು! ಬುಟ್ಟೋಯ್ತು!" ಎಂದು ಕೂಗಿದ. ನಾದಿನಿ ಕೈ ಮುಗಿದಳು. ಬೀಗಿತ್ತಿಯ ಮುಖವೂ ಸಡಿಲವಾಯಿತು. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಮರುದಿನವೇ ಮಗಳು ಮನೆಯಲ್ಲಿರುತ್ತಿದ್ದಳು.

"ಏನೂ ಬುಟ್ಟೋಗಿಲ್ಲ. ಬುಟ್ಟೋಗೋಕೆ ಯಾರೂ ಬಂದಿರ್ನಿಲ್ಲ" ಎಂದೆ.

ಬೀಗಿತ್ತಿ ನೀರನ್ನೂ ಕುಡಿಯದೆ ಹೊರಟುಹೋದಳು. ಅಂದು ರಾಗಿ ಕಲ್ಲಿನ ಮುಂದೆ ಕೂತು ಮಗಳನ್ನು ನೆನೆದು ಅತ್ತುಬಿಟ್ಟೆ. ಆದರೂ ಹೇಳಿದ ಮಾತಿಗೆ ಪಶ್ಚಾತ್ತಾಪ ಪಡಲಿಲ್ಲ.

ಹೆರದವಳಿಗೆ ಎಂಥ ಬಾಣಂತನ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ನಕ್ಕರು. ಆ ನಗು ಸಂತೆಯಿಂದ ಸಂತೆಗೆ ಹೋಗಿ ಅತ್ತಿಕುಪ್ಪೆ ಮುಟ್ಟಿತು. ಕೆಲವು ದಿನಗಳಾದ ಮೇಲೆ, ಹರಳೆಣ್ಣೆಯ ಕುಡಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದವಳು ಅಲ್ಲಿನ ಸೂಲಗಿತ್ತಿಯೇ. ಅಣಕಿಸಲು ಬಂದಳೆಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

"ಜಗಳ ಆಮೇಲ್ ಆಡಾನ ಕಣಮ್ಮಿ. ಮೊದ್ಲು ನೀರ್ ಕಾಯ್ಸು" ಎಂದಳು.

ನನ್ನನ್ನು ಬಚ್ಚಲಲ್ಲಿ ಕೂರಿಸಿ ನೆತ್ತಿಗೆ ಎಣ್ಣೆ ಒತ್ತಿ, ಬೆನ್ನು ನೀವಿ, ಬಿಸಿನೀರು ಉಯ್ದಳು. ಎರೆಯುವವಳು ಹಿಂದೆ ನಿಂತಿರುತ್ತಾಳೆ, ಮುಖ ಕಾಣುವುದಿಲ್ಲ. ಅದಕ್ಕೇ ಇರಬೇಕು, ನಾನು ಬಂಡಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಅವಳು ನೀರು ಉಯ್ಯುತ್ತಲೇ ಇದ್ದಳು. ಕೊನೆಗೆ ಹೇಳಿದಳು:

"ನಂಗೂ ಕೈ ನಡುಗ್ತದೆ. ಯಾರ್ಗೂ ಏಳಿಲ್ಲ. ನೀನ್ ನೆಟ್ಗಾದ್ಮ್ಯಾಲೆ ನಂಗೂ ಎರಿ."

ಅವಳು ನಮ್ಮ ಮನೆಯಲ್ಲೇ ಉಳಿದಳು. ಒಂದೇ ಎರೆತಕ್ಕೆ ವಾಸಿಯಾಯಿತೆಂದರೆ ಸುಳ್ಳು. ಆದರೆ ನಿದ್ದೆ ಸ್ವಲ್ಪ ಸ್ವಲ್ಪವಾಗಿ ಬಂತು, ಅನ್ನ ರುಚಿಸಿತು. ಆಮೇಲೆ ನಾನು ಅವಳಿಗೆ ಎರೆದೆ. ಊರವರು ಇಬ್ಬರನ್ನೂ ನೋಡಿ ನಕ್ಕರು. ನಾವು ಬಾಗಿಲು ತೆರೆದಿಟ್ಟುಕೊಂಡೇ ಸಾಂಬ್ರಾಣಿ ಹಾಕಿಕೊಂಡೆವು.

ಮಗಳಿಗೆ ತಿಂಗಳು ತುಂಬುವ ಹೊತ್ತಿಗೆ ಅತ್ತಿಕುಪ್ಪೆಯವಳು ಬೂಕನಕೆರೆಗೆ ಹೊರಟಳು, ನನ್ನನ್ನೂ ಹೊರಡಿಸಿದಳು. ಬಂಡಿ ಹತ್ತಲಾರೆ ಎಂದೆ. ನಡೆದೇ ಹೋದೆವು. ನಾವು ಮುಟ್ಟುವಾಗ ಒಳಗೆ ನೋವು ಶುರುವಾಗಿತ್ತು. ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತು, "ನೀನ್ ಬಾ, ಅವ್ರ್ ಬ್ಯಾಡ" ಎಂದಳು.

"ನಾನ್ ಬಂದ್ರೆ ಇವ್ಳೂ ಬತ್ತಳೆ. ಇಲ್ದಿದ್ರೆ ಕೂಸ್ನ ನೀನೇ ಇಡ್ಕೊ ತಾಯಿ" ಎಂದು ಅತ್ತಿಕುಪ್ಪೆಯವಳು ಜಗಲಿಯ ಮೇಲೆ ಕೂತೇಬಿಟ್ಟಳು. ಒಳಗಿನಿಂದ "ಅವ್ವಾ" ಎಂದು ಮಗಳು ಕೂಗಿದಳು. ಹೊಸ್ತಿಲಲ್ಲಿ ವಾದ ಮಾಡುವಷ್ಟು ಪುರುಸೊತ್ತು ಬೀಗಿತ್ತಿಗೆ ಇರಲಿಲ್ಲ. ಪಕ್ಕಕ್ಕೆ ಸರಿದಳು.

ಕೂಸು ಹಿಡಿಯುವ ಕಡೆ ಅತ್ತಿಕುಪ್ಪೆಯವಳು ಕೂತಳು. ನಾನು ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಇಷ್ಟು ಹೆರಿಗೆ ಮಾಡಿಸಿದವಳು ಹೆರುವವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೊಮ್ಮಗಳು ಹುಟ್ಟಿದಳು, ಗಟ್ಟಿಯಾಗಿ ಅತ್ತಳು. ನನ್ನ ಕಣ್ಣಿನ ನೀರು ಮಗಳ ಹಣೆಯ ಮೇಲೆ ಬೀಳುತ್ತಿತ್ತು. ಅವಳು ಹೆದರಿ, "ಯಾಕವ್ವ, ಕೂಸ್ಗೇನಾಯ್ತು?" ಎಂದಳು.

"ಕೂಸು ಚೆಂದಾಗದೆ ಕಣವ್ವ. ಅಳ್ತಿರೋಳು ನಾನು" ಎಂದೆ.

ಬೀಗಿತ್ತಿ ಬಾಗಿಲ ಕಡೆ ನೋಡಿ, ಮೆಲ್ಲಗೆ, "ಕಣ್ಣೊರುಸ್ಕಳಿ. ಒರಗೆ ಜನ ಅವ್ರೆ, ನೋಡಾರು" ಎಂದಳು.

"ನೋಡ್ಲಿ ಬುಡಿ" ಎಂದೆ. ಒರೆಸಿಕೊಳ್ಳಲಿಲ್ಲ.