ನಾಲ್ಕು ಬಟ್ಟು ನೀರು

ನಮ್ಮ ಮನೆಯವರ ಇಂಗ್ಲಿಷ್ ಹೋಗಿಬಿಟ್ಟಿದೆ.

ನಗಬೇಡಿ, ತಮಾಷೆಗೆ ಹೇಳುತ್ತಿಲ್ಲ. ಮೂವತ್ತು ವರ್ಷ ಇಲ್ಲಿ ಪರದೇಶದಲ್ಲಿ, ಲಿವೋನಿಯಾದ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಜಗಳವಾಡಿದ ಎಂಜಿನಿಯರು. ಮೇ ತಿಂಗಳಲ್ಲಿ ಸ್ಟ್ರೋಕ್ ಆಯಿತು. ಬಲಗೈ ಎತ್ತಲು ಆಗುವುದಿಲ್ಲ. ಮಾತು ತಡವರಿಸುತ್ತದೆ, ಬಂದರೆ ಹುಬ್ಬಳ್ಳಿ ಕನ್ನಡವೇ ಬರುತ್ತದೆ. ಹೀಗೂ ಆಗುವುದುಂಟು ಎಂದರು ಡಾಕ್ಟರು.

ಅಕ್ಟೋಬರ್ ಬಂತು. ನಾವಿರುವ ನಾರ್ತ್‌ವಿಲ್‌ನಲ್ಲಿ ಹಿತ್ತಲಿನ ಸ್ವಿಮ್ಮಿಂಗ್ ಪೂಲ್ ಮುಚ್ಚುವ ಕಾಲ. ನೀರನ್ನು ಪೂರ್ತಿ ಖಾಲಿ ಮಾಡುವಂತಿಲ್ಲ (ಮೈಸೂರಿನವಳಾದ ನಾನು ಮೊದಲ ವರ್ಷ ತೊಟ್ಟಿ ತೊಳೆಯುವ ಹಾಗೆ ಎಲ್ಲ ಬಳಿದುಹಾಕಲು ಹೊರಟು ಬೈಸಿಕೊಂಡಿದ್ದೆ). ಸ್ವಲ್ಪ ಇಳಿಸಬೇಕು. ನೆಲದಡಿಯ ಪೈಪುಗಳಲ್ಲಿರುವ ನೀರನ್ನು ಬ್ಲೋಅರ್‌ನಿಂದ ಊದಿ ತೆಗೆಯಬೇಕು. ಬಿರಡೆ ಹಾಕಿ, ಮೇಲೆ ಕವರ್ ಎಳೆಯಬೇಕು. ನೀರು ಉಳಿಯಿತೋ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಪೈಪೇ ಸೀಳುತ್ತದೆ. ಹದಿನೇಳು ವರ್ಷದಿಂದ ಇದು ಇವರದೇ ಕೆಲಸ. ಬೇರೆ ಯಾರಿಗೂ ಮುಟ್ಟಗೊಟ್ಟವರಲ್ಲ.

ಈ ಸಲ ನಾನು ಒಂದು ಕಂಪನಿಗೆ ಫೋನ್ ಮಾಡಿ ಶನಿವಾರ ಬರಲು ಹೇಳಿದೆ. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ. ಗೊತ್ತಾದಾಗ ಇವರು ಊಟದ ತಟ್ಟೆ ಸರಿಸಿದರು. ತುಂಬ ಹೊತ್ತು ಹೆಣಗಿ ಹೇಳಿದ್ದು ಮೂರೇ ಮಾತು.

"ನಾ ಇನ್ನೂ ಅದೀನಿ."

ಕಂಪನಿಯವರಿಗೆ ಬೇಡವೆಂದೆ. ಆದರೆ ಮಾಡುವವರು ಯಾರು? ಆನ್ ಆರ್ಬರ್‌ನಲ್ಲಿ ಓದುತ್ತಿರುವ ಮಗಳು ಮೇಘಾ ಬಂದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಫೋನಿನಲ್ಲಿ ಯಾವುದೋ ವಿಡಿಯೋ ಹಾಕಿಕೊಂಡು ಶುರುಮಾಡಿದಳು. ಇವರು ಶಾಲು ಹೊದ್ದು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

"ನಾಕ ಬಟ್ಟು ಇಳಸು," ಅಂದರು.

"ಹೌ ಮೆನಿ ಇಂಚಸ್, ಅಪ್ಪ?"

ಎಡಗೈಯ ನಾಲ್ಕು ಬೆರಳು ಜೋಡಿಸಿ, ಅಡ್ಡ ಹಿಡಿದು ತೋರಿಸಿದರು. ಅವಳು ಫೋನನ್ನು ಜೇಬಿಗೆ ಹಾಕಿದಳು. ಬಗ್ಗಿ, ಕೊಳದ ಗೋಡೆಯಲ್ಲಿ ನೀರೆಳೆಯುವ ಬಾಯಿಯ ಕೆಳಗೆ ತನ್ನ ಬೆರಳಿಟ್ಟು ಅಳೆದಳು.

ನೀರು ಅಷ್ಟು ಇಳಿದ ಮೇಲೆ ಬ್ಲೋಅರ್ ಹಾಕಿದ್ದಾಯಿತು. ಪೈಪಿನಿಂದ ಗುಳ್ಳೆ ಎದ್ದವು. "ಡನ್," ಎಂದು ಅವಳು ಬಿರಡೆ ಎತ್ತಿಕೊಂಡಳು. ಇವರು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು.

"ತಡಿ. ನೀರ ಐತಿ ಇನ್ನೂ."

ಕಾದಳು. ಅರ್ಧ ನಿಮಿಷ ಕಳೆದಿರಬೇಕು, ಪೈಪಿನಿಂದ ಕೆಸರು ನೀರು ಬುಗ್ಗೆಂದು ಬಂತು. ಅವಳು ಅದನ್ನೇ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಈಗ ಸಾಕಾ?" ಅಂದಳು. ಕನ್ನಡದಲ್ಲಿ.

"ಸಾಕು. ಮುಚ್ಚು."

ನಾನು ಒಳಗೆ ಹೋಗಿ ಸಿಂಕಿನ ಮುಂದೆ ನಿಂತು ಅತ್ತೆ. ಐದು ತಿಂಗಳಿಂದ ಇವರ ಸ್ನಾನ ಯಾವಾಗ, ಯಾವ ಶರ್ಟು, ಸಾರಿಗೆ ಉಪ್ಪೆಷ್ಟು, ಯಾರು ನೋಡಲು ಬರಬಹುದು, ಎಲ್ಲ ತೀರ್ಮಾನ ನನ್ನದೇ. ಉತ್ತರ ಹೇಳಲು ಇವರಿಗೆ ಕಷ್ಟವಾಗುತ್ತದಲ್ಲ ಅಂತ.

ಮಾತು ಹೋದದ್ದು ಇವರದು, ಸರಿ. ಕೇಳುವುದನ್ನು ಬಿಟ್ಟದ್ದು ಯಾರು?