ಜಾಝ್‌ಗೆ ಸೂರ ಹಿಡಿದವರು

ಗಂಗಾವತಿಯಿಂದ ಸಾಣಾಪುರಕ್ಕೆ ಹೋಗುವ ದಾರಿಯಲ್ಲಿ, ಭತ್ತದ ಗದ್ದೆಗೆ ಅಂಟಿಕೊಂಡ ಸಣ್ಣ ಕೆಫೆ. ಸಂಜೆ ಅಲ್ಲಿ ಜಾಝ್ ಇತ್ತು. ಇಂಥ ಕಡೆಯ ಸಂಗೀತದ ಬಗ್ಗೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಬಸ್ಸು ತಡವಾಗಿದ್ದರಿಂದ ಒಳಗೆ ಹೋದೆ. ನುಡಿಸುತ್ತಿದ್ದವರು ಮೂವರು ವಿದೇಶಿಯರು, ರಚನೆಗಳೆಲ್ಲ ಅವರವೇ. ತಾಳ ಆಫ್ರಿಕಾದ್ದು, ಸ್ಯಾಕ್ಸೊಫೋನು ಮಾತ್ರ ಆಗಾಗ ನಮ್ಮ ಭೀಮಪಲಾಸ ರಾಗದ ಹತ್ತಿರ ಸುಳಿದು ಹೋಗುತ್ತಿತ್ತು.

ಕೆಫೆಗೆ ಹಾಲು ಕೊಡಲು ಬಂದ ಪಕ್ಕದೂರಿನ ಈರಪ್ಪ, ಖಾಲಿ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ನನ್ನ ಪಕ್ಕ ಕುಳಿತಿದ್ದರು. ಸ್ಯಾಕ್ಸೊಫೋನಿನವನು ಒಂದು ಸ್ವರವನ್ನು ಉದ್ದಕ್ಕೆ ಎಳೆದು ತಟ್ಟನೆ ನಿಲ್ಲಿಸಿದ. ಉಳಿದಿಬ್ಬರೂ ಸುಮ್ಮನಾದರು. ಆ ಮೌನದಲ್ಲಿ ಈರಪ್ಪ ಅದೇ ಸ್ವರವನ್ನು ಗಟ್ಟಿ ದನಿಯಲ್ಲಿ ಎತ್ತಿಕೊಂಡರು. ಎಲ್ಲರೂ ತಿರುಗಿ ನೋಡಿದರು. ಕೆಫೆಯ ಮಾಲೀಕ ಬಂದು ಅವರ ಭುಜ ಮುಟ್ಟಿದ.

“ಈರಪ್ಪಣ್ಣಾರ, ಸುಮ್ನ ಕುಂದರ್ರಿ. ಅವ್ರು ಬೇಕಂತನ ನಿಲ್ಲಿಸ್ಯಾರ.”

“ಭಜನ್ಯಾಗ ಮುಂದಿನವ ಉಸಿರು ತಗೊಂಡ್ರ ಹಿಂದಿನವ್ರು ಸೂರ ಹಿಡೀಬೇಕ್ರಿ. ಪಾಪ, ಅವಂಗ ಹಿಂದ ಯಾರೂ ಇಲ್ಲ,” ಎನ್ನುತ್ತ ಈರಪ್ಪ ಕ್ಯಾನು ಎತ್ತಿಕೊಂಡು ಬಾಗಿಲತ್ತ ನಡೆದರು.

ವಾದ್ಯಗಳು ಮತ್ತೆ ಶುರುವಾದವು. ಈರಪ್ಪ ಬಾಗಿಲಲ್ಲೇ ನಿಂತರು. ಸುತ್ತಿ ಬಳಸಿ ಅದೇ ಸ್ವರಕ್ಕೆ ಬಂದಾಗ ಸ್ಯಾಕ್ಸೊಫೋನಿನವನು ವಾದ್ಯವನ್ನು ಬಾಯಿಂದ ತೆಗೆದು, ಬಾಗಿಲ ಕಡೆ ನೋಡುತ್ತ ಕಾದ.

ಈರಪ್ಪ ಕ್ಯಾನನ್ನು ಕೆಳಗಿಟ್ಟರು.